ಅಲ್ಸೇಷನ್ನೂ ಅಲ್ಲ, ಹಸ್ಕಿಯೂ ಅಲ್ಲ - ನಮ್ಮ ಭೈರನ ಪೂರ್ವಚರಿತ್ರೆ

ಫೋನಿನಲ್ಲಿ ಫೋಟೋ ನೋಡಿದ ಅಮ್ಮ ಮೊದಲು ಕೇಳಿದ್ದು, "ಇದು ಅಲ್ಸೇಷನ್ನೇನೋ?"

"ಅರ್ಧ ಅಲ್ಸೇಷನ್ ಅಮ್ಮಾ."

"ಇನ್ನರ್ಧ?"

"ಹಸ್ಕಿ ಅಂತ. ಸೈಬೀರಿಯಾ ಕಡೆ ನಾಯಿ. ಹಿಮದಲ್ಲಿ ಗಾಡಿ ಎಳೆಯುತ್ತೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರಲಿ, ಒಂದು ಕಣ್ಣು ಬೆಳ್ಳಗಿದೆಯಲ್ಲೋ, ಪೊರೆ ಬಂದಿರಬೇಕು, ಡಾಕ್ಟರಿಗೆ ತೋರಿಸು" ಅಂದರು.

ಪೊರೆ ಅಲ್ಲ, ಅದು ನೀಲಿ ಕಣ್ಣು. ನಮ್ಮ ಭೈರನಿಗೆ ಎಡಗಣ್ಣು ಕಂದು, ಬಲಗಣ್ಣು ತಿಳಿನೀಲಿ. ಮೈಬಣ್ಣ ಜರ್ಮನ್ ಶೆಫರ್ಡಿನ ಕಪ್ಪು-ಕಂದು, ಬಾಲ ಮಾತ್ರ ಹಸ್ಕಿಯದ್ದು, ಬೆನ್ನ ಮೇಲೆ ಕುಡುಗೋಲಿನ ಹಾಗೆ ಬಾಗಿರುತ್ತೆ. ಕಿವಿ ಎರಡೂ ಕಡೆಯವರಿಗೂ ನೆಟ್ಟಗೇ ಇರೋದರಿಂದ ಅದರ ಬಗ್ಗೆ ಜಗಳವಿಲ್ಲ :-)

ಭೈರ ನಮ್ಮ ಮನೆಗೆ ಬಂದದ್ದು ಇಲ್ಲಿನ (ಅಂದರೆ ಮಿನ್ನೆಸೋಟಾದ) ಒಂದು ಅನಾಥ ನಾಯಿಗಳ ಶೆಲ್ಟರಿನಿಂದ. ಎರಡು ವರ್ಷದ ಗಂಡು. ಅದಕ್ಕೆ ಮೊದಲು ಎರಡು ಮನೆಯವರು ಕರೆದುಕೊಂಡು ಹೋಗಿ ವಾಪಸ್ ಬಿಟ್ಟಿದ್ದರು. ಕಾಗದದಲ್ಲಿ ಕಾರಣ ಬರೆದಿತ್ತು. ಮೊದಲನೆಯವರದ್ದು "ಹೇಳಿದ ಮಾತು ಕೇಳಲ್ಲ". ಎರಡನೆಯವರದ್ದು "ಬೇಲಿ ಹಾರುತ್ತೆ". ನಮಗೂ ಮೂವತ್ತು ದಿನದ ಗಡುವು ಇತ್ತು, ಅಷ್ಟರೊಳಗೆ ಬೇಡ ಅನ್ನಿಸಿದರೆ ತಂದುಬಿಡಿ ಅಂದಿದ್ದರು. ಮೂರನೇ ಸಲವೂ ವಾಪಸ್ ಬಂದ ನಾಯಿಯನ್ನು ಯಾರು ಒಯ್ಯುತ್ತಾರೆ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮೊದಲ ವಾರದಲ್ಲೇ ಎರಡು ವಿಚಿತ್ರ ಕಂಡವು. ಒಂದು, ಇವನು ಹಿತ್ತಲಿಗೆ ಬಿಟ್ಟ ಕೂಡಲೇ ಬೇಲಿಯ ಉದ್ದಕ್ಕೂ ಓಡೋನು. ಸುಮ್ಮನೆ ಓಡೋದಲ್ಲ, ಒಂದೇ ಹದದ ಕುಕ್ಕುಲೋಟ, ಒಂದೇ ದಾರಿ. ಹತ್ತು ದಿನದಲ್ಲಿ ಹುಲ್ಲು ಸವೆದು ಕಾಲುದಾರಿ ಬಿತ್ತು. ಮಗಳ ಗೆಳತಿಯರು ಬಂದರೆ ಅವರನ್ನೂ ಮೂತಿಯಿಂದ ತಳ್ಳಿ ತಳ್ಳಿ ಒಂದೇ ಮೂಲೆಗೆ ಗುಡ್ಡೆ ಹಾಕೋನು. ಎರಡನೆಯದು, ಹೀಗೆ ಅರ್ಧ ದಿನ ಬೇಲಿ ಕಾದವನು ಇದ್ದಕ್ಕಿದ್ದಂತೆ ಒಂದು ಸಂಜೆ ಅದೇ ಬೇಲಿಯನ್ನು ಹಾರಿ ಹೊರಟುಬಿಡೋನು. ಕೂಗಿದರೆ ಒಂದು ಸಲ ತಿರುಗಿ ನೋಡೋನು. "ಕೇಳಿಸಿತು, ಆದರೆ ನನಗೆ ಬೇರೆ ಕೆಲಸ ಇದೆ" ಅನ್ನೋ ಥರ.

ನನ್ನಾಕೆ ಕ್ಯಾಲೆಂಡರಿನಲ್ಲಿ ಮೂವತ್ತನೇ ದಿನಕ್ಕೆ ಗುಂಡಗೆ ಗುರುತು ಹಾಕಿದಳು. ನಾನು ಸುಮ್ಮನೆ ಕೂರಲಾರದೆ ಈ ಎರಡು ತಳಿಗಳ ಚರಿತ್ರೆ ಓದಲು ಕೂತೆ. "ಚರಿತ್ರೆ ಓದಿದರೆ ಬೇಲಿ ಎತ್ತರ ಆಗುತ್ತಾ?" ಅಂತ ಆಕೆ ಕೇಳಿದ್ದು ನ್ಯಾಯವೇ. ಆದರೂ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

*

ಮೊದಲು ಅಮ್ಮನ ಅಲ್ಸೇಷನ್ನಿನ ಕಥೆ.

ನನ್ನೂರು ಶಿರಾ ಹತ್ತಿರ. ಬೆಳೆ ಕೊಯ್ದ ಮೇಲೆ ನಮ್ಮ ಹೊಲದಲ್ಲಿ ಕುರುಬರು ಬಂದು ರಾತ್ರಿ ಕುರಿ ಮಂದೆ ನಿಲ್ಲಿಸುತ್ತಿದ್ದರು, ಗೊಬ್ಬರಕ್ಕೆ. ಅವರ ಜೊತೆ ನಾಯಿಗಳೂ ಇರುತ್ತಿದ್ದವು. ಆದರೆ ಆ ನಾಯಿಗಳ ಕೆಲಸ ಕಾವಲು. ತೋಳ ಬಂದರೆ, ಕಳ್ಳ ಬಂದರೆ ಬೊಗಳೋದು, ಮೇಲೆ ಬೀಳೋದು. ಕುರಿ ತಿರುಗಿಸೋ ಕೆಲಸ ಕುರುಬನ ಬಾಯಿ ಮತ್ತು ಕೋಲಿನದ್ದು. ಹಾಗಾಗಿ 'ಶೆಫರ್ಡ್' ಅಂದರೆ ನನ್ನ ಮನಸ್ಸಿನಲ್ಲಿದ್ದ ಚಿತ್ರವೂ ಅದೇ.

ಜರ್ಮನಿಯದ್ದು ಬೇರೆ. ಅಲ್ಲಿ ಹೊಲಗಳಿಗೆ ಬೇಲಿ ಇರಲಿಲ್ಲ. ಈ ಪಟ್ಟಿಯಲ್ಲಿ ಕುರಿ ಮೇಯಬಹುದು, ಪಕ್ಕದ ಪಟ್ಟಿಯಲ್ಲಿ ಪಕ್ಕದವನ ಬೆಳೆ. ನಡುವೆ ಒಂದು ನೇಗಿಲ ಸಾಲು, ಅಷ್ಟೇ. ನೂರಾರು ಕುರಿ ಆ ಸಾಲು ದಾಟದ ಹಾಗೆ ನಾಯಿ ಇಡೀ ದಿನ ಅದರ ಉದ್ದಕ್ಕೂ ಹೋಗುತ್ತಾ ಬರುತ್ತಾ ಇರಬೇಕು. ಅಂದರೆ ನಾಯಿಯೇ ಬೇಲಿ! ದಿನವಿಡೀ ದಣಿಯದೆ ಓಡಲು ಉದ್ದ ಹೆಜ್ಜೆಯ ಕುಕ್ಕುಲೋಟ ಬೇಕು. ಒಂದು ಕಣ್ಣು ಕುರಿಯ ಮೇಲೆ, ಒಂದು ಕಿವಿ ಕುರಿಗಾಹಿಯ ಮೇಲೆ ಇರಬೇಕು.

ಇದನ್ನು ಓದಿದಾಗ ನಾನು ಎದ್ದು ಹೋಗಿ ಕಿಟಕಿಯಿಂದ ಹಿತ್ತಲಿನ ಸವೆದ ದಾರಿಯನ್ನು ನೋಡಿದೆ. ನಮ್ಮವನು ಹುಚ್ಚು ಹಿಡಿದು ಸುತ್ತುತ್ತಿರಲಿಲ್ಲ. ಕುರಿ ಇಲ್ಲದ ಹೊಲದಲ್ಲಿ ಡ್ಯೂಟಿ ಮಾಡುತ್ತಿದ್ದ.

ಹೀಗೆ ಊರೂರಿಗೂ ಒಂದೊಂದು ಥರ ಇದ್ದ ಕುರಿನಾಯಿಗಳನ್ನು ಒಂದು ತಳಿ ಮಾಡಿದವನು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಕ್ಯಾಪ್ಟನ್. 1891ರಲ್ಲೇ 'ಫೈಲಾಕ್ಸ್' ಎಂಬ ಸಂಘ ಈ ಪ್ರಯತ್ನ ಮಾಡಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ನಾಯಿ ಚೆನ್ನಾಗಿ ಕಾಣಬೇಕೋ, ಚೆನ್ನಾಗಿ ದುಡಿಯಬೇಕೋ ಅನ್ನೋದೇ ಅವರ ಜಗಳ. ಸ್ಟೆಫಾನಿಟ್ಸ್ ದುಡಿಮೆಯ ಪಕ್ಷ. 1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂ ಊರಿನ ನಾಯಿ ಪ್ರದರ್ಶನದಲ್ಲಿ ಹೆಕ್ಟರ್ ಅನ್ನೋ ನಾಯಿಯನ್ನು ನೋಡಿ ಅಲ್ಲೇ ಕೊಂಡ, ಹೊರಾಂಡ್ ಅಂತ ಹೆಸರು ಬದಲಿಸಿದ, ಅದೇ ತಿಂಗಳು ಜರ್ಮನ್ ಶೆಫರ್ಡ್ ಸಂಘ ಕಟ್ಟಿದ. ಸಂಘದ ವಂಶಾವಳಿ ಪುಸ್ತಕದಲ್ಲಿ ಒಂದನೇ ನಂಬರು ಹೊರಾಂಡನದ್ದು. ಮುಂದೆ ಹೊರಾಂಡ್, ಅವನ ಮಕ್ಕಳು, ಮೊಮ್ಮಕ್ಕಳು ಅಂತ ಹತ್ತಿರದ ಸಂಬಂಧಗಳಲ್ಲೇ ಕೂಡಿಸಿ ತಳಿಯನ್ನು ಗಟ್ಟಿ ಮಾಡಿದರು.

ಕಾರ್ಖಾನೆಗಳು ಬೆಳೆದು ಕುರಿಸಾಕಣೆ ಇಳಿದಾಗ ಸ್ಟೆಫಾನಿಟ್ಸ್ ಈ ನಾಯಿಗೆ ಹೊಸ ನೌಕರಿ ಹುಡುಕಿದ. ಪೊಲೀಸು, ಸೈನ್ಯ. ಮೊದಲ ಮಹಾಯುದ್ಧದಲ್ಲಿ ಇವು ಓಲೆ ಒಯ್ದವು, ಗಾಯಾಳುಗಳನ್ನು ಹುಡುಕಿದವು. ವಿಷಾನಿಲದಿಂದ, ಸಿಡಿಗುಂಡಿನಿಂದ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಿಸಲು 1916ರಲ್ಲಿ ಓಲ್ಡನ್‌ಬರ್ಗ್‌ನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆದ. ನೇಗಿಲ ಸಾಲು ಕಾಯುತ್ತಿದ್ದ ನಾಯಿ ಫುಟ್‌ಪಾತಿನ ಅಂಚು ಕಾಯಲು ಕಲಿಯಿತು.

ಅಂದ ಹಾಗೆ ಅಮ್ಮನ ಬಾಯಲ್ಲಿ ಇದು 'ಅಲ್ಸೇಷನ್' ಆಗಿದ್ದಕ್ಕೂ ಆ ಯುದ್ಧವೇ ಕಾರಣ. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ 'ಜರ್ಮನ್' ಅನ್ನೋ ಪದ ಯಾರಿಗೂ ಬೇಡ. ಆದರೆ ಯುದ್ಧಭೂಮಿಯಿಂದ ಬಂದ ಸೈನಿಕರಿಗೆ ನಾಯಿ ಬೇಕು. 1919ರಲ್ಲಿ ಅಲ್ಲಿನ ಕೆನಲ್ ಕ್ಲಬ್, ಜರ್ಮನಿ-ಫ್ರಾನ್ಸ್ ಗಡಿಯ ಅಲ್ಸೇಸ್ ಪ್ರಾಂತ್ಯದ ಹೆಸರಿಟ್ಟು 'ಅಲ್ಸೇಷನ್ ವುಲ್ಫ್ ಡಾಗ್' ಅಂತ ದಾಖಲಿಸಿತು. ಅಲ್ಲಿ ಜರ್ಮನ್ ಶೆಫರ್ಡ್ ಹೆಸರು ವಾಪಸ್ ಬಂದದ್ದು 1977ರಲ್ಲಿ. ಬ್ರಿಟಿಷರು ಹೋದರು, ಅವರೇ ಹೆಸರು ಬದಲಿಸಿಕೊಂಡರು, ನಮ್ಮ ಊರುಗಳಲ್ಲಿ ಮಾತ್ರ ಇನ್ನೂ ಅಲ್ಸೇಷನ್ನೇ! ಗೇಟಿನ ಬೋರ್ಡಿನಲ್ಲಿ 'ನಾಯಿ ಇದೆ ಎಚ್ಚರಿಕೆ' ಅಂತ ಓದಿದಾಗ ಕಣ್ಣ ಮುಂದೆ ಬರೋದು ಅದೇ ತಾನೆ.

*

ಇನ್ನು ಆ ಇನ್ನರ್ಧ.

ಸೈಬೀರಿಯಾದ ಪೂರ್ವ ತುದಿ ಚುಕೋಟ್ಕಾ. ಅಲ್ಲಿನ ಚುಕ್ಚಿ ಜನರ ನಾಯಿಗಳೇ ಇಂದಿನ ಸೈಬೀರಿಯನ್ ಹಸ್ಕಿಯ ಪೂರ್ವಜರು. ಸ್ಟೆಫಾನಿಟ್ಸನ ಪುಸ್ತಕದ ಒಂದನೇ ನಂಬರಿಗೆ 125 ವರ್ಷ ದಾಟಿದೆ ಅಷ್ಟೆ. ಇವರದ್ದು ಬಹಳ ಹಳೆಯದು. ಸೈಬೀರಿಯಾದ ಝೊಕೋವ್ ದ್ವೀಪದಲ್ಲಿ ಸಿಕ್ಕ ಸುಮಾರು 9,500 ವರ್ಷ ಹಿಂದಿನ ನಾಯಿಯ ಡಿಎನ್‌ಎಯನ್ನು ಓದಿ 2020ರಲ್ಲಿ ವಿಜ್ಞಾನಿಗಳು ಹೇಳಿದ್ದು, ಇಂದಿನ ಸ್ಲೆಡ್ ನಾಯಿಗಳ ವಂಶ ಆಗಲೇ ಬೇರೆ ಕವಲಾಗಿತ್ತು ಅಂತ. ಆ ದ್ವೀಪದಲ್ಲಿ ಸ್ಲೆಡ್ಡಿನ ಅವಶೇಷಗಳೂ ಸಿಕ್ಕಿವೆ. ಅಂದರೆ ವ್ಯವಸಾಯಕ್ಕಿಂತ ಬೇಟೆಯೇ ಬದುಕಾಗಿದ್ದ ಜನರ ಜೊತೆ ಬೆಳೆದ ನಾಯಿ. ಕಾಳು-ಕಡ್ಡಿಯ ಪಿಷ್ಟ ಜೀರ್ಣಿಸಿಕೊಳ್ಳೋ ಬದಲಾವಣೆ ಬೇರೆ ನಾಯಿಗಳಷ್ಟು ಇವುಗಳಲ್ಲಿ ಆಗಿಲ್ಲ, ಕೊಬ್ಬು ಅರಗಿಸೋ ಬದಲಾವಣೆ ಆಗಿದೆ.

ಚುಕ್ಚಿಗಳಿಗೆ ಬೇಕಿದ್ದದ್ದು ದೈತ್ಯ ನಾಯಿಯಲ್ಲ. ಹಗುರ ಹೊರೆಯನ್ನು, ಬಹಳ ದೂರ, ಕಡಿಮೆ ತಿಂದು ಎಳೆಯೋ ನಾಯಿ. ಬೇಸಿಗೆಯಲ್ಲಿ ಕೆಲಸವಿಲ್ಲ, ಆಗ ನಾಯಿಗಳನ್ನು ಬಿಟ್ಟುಬಿಡುತ್ತಿದ್ದರು, ಅವು ತಾವೇ ಬೇಟೆಯಾಡಿಕೊಂಡು ಚಳಿಗೆ ವಾಪಸ್ ಬರುತ್ತಿದ್ದವು ಅಂತ ತಳಿಯ ಚರಿತ್ರೆ ಬರೆದವರು ಹೇಳುತ್ತಾರೆ. ಭೈರ ಅಳಿಲು ಕಂಡರೆ ಕಿವುಡಾಗೋದು ಯಾಕೆ ಅಂತ ನನಗೆ ಅರ್ಥವಾದದ್ದು ಇಲ್ಲಿ.

ಬೇರಿಂಗ್ ಜಲಸಂಧಿಯ ಈಚೆಗೆ ಅಲಾಸ್ಕಾದ ನೋಮ್ ಪಟ್ಟಣ. ಚಿನ್ನ ಸಿಕ್ಕಿ ಬೆಳೆದ ಊರು. 408 ಮೈಲಿಯ ನಾಯಿ ಪಂದ್ಯ ಅಲ್ಲಿ ನಡೆಯುತ್ತಿತ್ತು. ವಿಲಿಯಂ ಗೂಸಾಕ್ ಎಂಬ ರಷ್ಯನ್ ತುಪ್ಪುಳ ವ್ಯಾಪಾರಿ 1908ರಲ್ಲಿ ಚುಕ್ಚಿ ನಾಯಿಗಳನ್ನು ತಂದು 1909ರ ಪಂದ್ಯಕ್ಕೆ ಇಳಿಸಿದ. ಅಲಾಸ್ಕಾದ ದೊಡ್ಡ ಸಾಮಾನು ನಾಯಿಗಳ ಪಕ್ಕ ಇವನ್ನು ನೋಡಿ ಜನ 'ಸೈಬೀರಿಯದ ಇಲಿಗಳು' ಅಂತ ನಕ್ಕರಂತೆ. ಇಲಿಗಳು ಮೂರನೆಯದಾಗಿ ಬಂದವು. ಮರುವರ್ಷ ಫಾಕ್ಸ್ ಮೌಲ್ ರಾಮ್ಸೆ ಎಂಬ ಸ್ಕಾಟ್ಲೆಂಡಿನವನು ತಂದ ಸೈಬೀರಿಯದ ನಾಯಿಗಳೇ ಗೆದ್ದವು, ಓಡಿಸಿದವನು ಜಾನ್ ಜಾನ್ಸನ್. ಎಪ್ಪತ್ತನಾಲ್ಕು ಗಂಟೆ ಚಿಲ್ಲರೆ. ಆಮೇಲೆ ಯಾರೂ ನಗಲಿಲ್ಲ.

ಈ ನಾಯಿಗಳ ಹೆಸರು ಜಗತ್ತಿಗೆ ತಿಳಿದದ್ದು 1925ರ ಜನವರಿಯಲ್ಲಿ. ನೋಮ್‌ನಲ್ಲಿ ಮಕ್ಕಳಿಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ ತಗುಲಿತು. ಊರಿಗೆ ಒಬ್ಬನೇ ವೈದ್ಯ ಕರ್ಟಿಸ್ ವೆಲ್ಚ್. ಅವನ ಹತ್ತಿರ ಇದ್ದ ಔಷಧ ಹಳತಾಗಿತ್ತು. ಸಮುದ್ರ ಹೆಪ್ಪುಗಟ್ಟಿ ಹಡಗಿಲ್ಲ, ಆ ಚಳಿಯಲ್ಲಿ ವಿಮಾನ ಹಾರಿಸುವ ಧೈರ್ಯವಿಲ್ಲ. ಆಂಕರೇಜಿನಲ್ಲಿ ಸಿಕ್ಕ ಸೀರಮ್ಮನ್ನು ನೆನಾನಾವರೆಗೆ ರೈಲಿನಲ್ಲಿ ತಂದು, ಅಲ್ಲಿಂದ 674 ಮೈಲಿ ಇಪ್ಪತ್ತು ಮಂದಿ ಕೈಯಿಂದ ಕೈಗೆ ದಾಟಿಸುತ್ತಾ ನಾಯಿಗಾಡಿಗಳಲ್ಲಿ ಒಯ್ದರು. ಐದೂವರೆ ದಿನದೊಳಗೆ, ಫೆಬ್ರವರಿ 2ರ ಬೆಳಗಿನ ಜಾವ, ಸೀರಮ್ ನೋಮ್ ಮುಟ್ಟಿತು.

ಕೊನೆಯ ಹಂತದಲ್ಲಿ ಗುನ್ನಾರ್ ಕಾಸೆನ್ನನ ಗಾಡಿಗೆ ಮುಂದಾಳಾಗಿ ಬಂದ ನಾಯಿ ಬಾಲ್ಟೊ. ಪತ್ರಿಕೆಗಳಲ್ಲಿ ಅವನೇ ಹೀರೋ, ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅವನ ಪ್ರತಿಮೆ ನಿಂತಿತು. ಆದರೆ ಎಲ್ಲರಿಗಿಂತ ಉದ್ದದ, ಅಪಾಯದ ದಾರಿ ಓಡಿದ್ದು ಲಿಯೊನಾರ್ಡ್ ಸೆಪ್ಪಾಲಾನ ತಂಡ. ಅವನ ಮುಂದಾಳು ಟೋಗೊಗೆ ಆಗ ಹನ್ನೆರಡು ವರ್ಷ. ಸೀರಮ್ ಎದುರುಗೊಳ್ಳಲು ಹೋದದ್ದು, ತಂದದ್ದು ಸೇರಿ 261 ಮೈಲಿ. ನಡುವೆ ನಾರ್ಟನ್ ಸೌಂಡ್ ಎಂಬ ಹೆಪ್ಪುಗಟ್ಟಿದ ಕಡಲ ತುಂಡು.

ಇಲ್ಲೇ ನನಗೆ ಬೇಕಾದ ವಿಷಯ ಸಿಕ್ಕಿದ್ದು. ಸ್ಲೆಡ್ಡಿಗೆ ಲಗಾಮಿಲ್ಲ. ಎತ್ತಿನ ಗಾಡಿಗೆ ಮೂಗುದಾರ ಇದೆ, ಕುದುರೆಗೆ ಕಡಿವಾಣ ಇದೆ. ಇಲ್ಲಿ ಹಿಂದೆ ನಿಂತವನ ಕೈಯಲ್ಲಿ ಏನೂ ಇಲ್ಲ, ಬಾಯಿಮಾತು ಮಾತ್ರ. ಬಿರುಗಾಳಿಯಲ್ಲಿ ಮಾತೂ ಕೇಳಿಸಲ್ಲ, ಮುಂದಾಳು ನಾಯಿ ಕಣ್ಣಿಗೂ ಕಾಣಲ್ಲ. ಮಂಜುಗಡ್ಡೆ ತೆಳುವಾಗಿದೆ ಅಂತ ಗೊತ್ತಾಗೋದು ಮೊದಲು ಪಾದ ಇಟ್ಟವನಿಗೆ. ಆಗ "ಬಲಕ್ಕೆ ಹೋಗು" ಅಂದ ಮಾತನ್ನು ಮೀರಿ ಎಡಕ್ಕೆ ಹೋಗುವ ನಾಯಿ ಎಲ್ಲರನ್ನೂ ಉಳಿಸುತ್ತೆ. ಹೇಳಿದ್ದನ್ನು ಮಾತ್ರ ಮಾಡುವ ನಾಯಿ ಎಲ್ಲರನ್ನೂ ಮುಳುಗಿಸುತ್ತೆ. ಹಸ್ಕಿ ಮಾತು ಕೇಳಲ್ಲ ಅಂತ ನಾವು ಬಯ್ಯುತ್ತೇವಲ್ಲ, ಅದೇ ಗುಣವನ್ನು ಆ ಜನ ಆರಿಸಿ ಆರಿಸಿ ಉಳಿಸಿಕೊಂಡದ್ದು.

ಹಾಗಾದರೆ ಶೆಫರ್ಡ್ ವಿಧೇಯ, ಹಸ್ಕಿ ಹಟಮಾರಿ ಅಂತ ಎರಡು ಗೆರೆ ಎಳೆದು ಬಿಡಬಹುದೇ? ನಾನೂ ಹಾಗೇ ಎಳೆದಿದ್ದೆ, ಮತ್ತೆ ಅಳಿಸಿದೆ. ಯಾಕೆಂದರೆ ಕುರುಡರಿಗೆ ದಾರಿ ತೋರಿಸುವ ನಾಯಿಗೆ ಕಲಿಸುವ ದೊಡ್ಡ ಪಾಠವೇ, ಕಾರು ಬರುತ್ತಿರುವಾಗ ಯಜಮಾನ "ನಡಿ" ಅಂದರೂ ನಡೆಯಬೇಡ ಅನ್ನೋದು. ಎರಡೂ ಯೋಚಿಸುವ ನಾಯಿಗಳೇ. ವ್ಯತ್ಯಾಸ ಇಷ್ಟೇ. ಶೆಫರ್ಡ್ ಯೋಚಿಸಿ ನಿಮ್ಮ ಮುಖ ನೋಡುತ್ತೆ. ಹಸ್ಕಿ ಯೋಚಿಸಿ ದಾರಿ ನೋಡುತ್ತೆ.

ಒಂದು ನಾಯಿ ತಾನೇ ಬೇಲಿಯಾಗಲು ಹುಟ್ಟಿದ್ದು. ಇನ್ನೊಂದರ ಅಜ್ಜ-ಮುತ್ತಜ್ಜರು ಬೇಲಿ ಅನ್ನೋದನ್ನೇ ಕಂಡವರಲ್ಲ. ಎರಡನ್ನೂ ಒಂದೇ ಚರ್ಮದೊಳಗೆ ಹಾಕಿ ನಮ್ಮ ನಾಲ್ಕಡಿ ಬೇಲಿಯ ಹಿತ್ತಲಿಗೆ ಬಿಟ್ಟಿದ್ದೆವು.

*

ಇಪ್ಪತ್ತೇಳನೇ ದಿನ ರಾತ್ರಿ ಭೈರ ಮತ್ತೆ ಹಾರಿದ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅವನಿಗೆ ಅದು ಹಬ್ಬ, ನಮಗಲ್ಲ. ಭಯ ಚಳಿಯದ್ದಲ್ಲ, ಹೆದ್ದಾರಿಯದ್ದು. ಎರಡು ಗಂಟೆ ಕಾರಿನಲ್ಲಿ ಸುತ್ತಿದೆವು. ಕೊನೆಗೆ ರೈಲು ಹಳಿಯ ಪಕ್ಕ ಹೆಡ್‌ಲೈಟಿನಲ್ಲಿ ಒಂದು ನೀಲಿ ಕಣ್ಣು ಹೊಳೆಯಿತು. ನಾನು ಕೂಗುತ್ತಾ ಓಡಿದೆ, ಅವನೂ ಖುಷಿಯಿಂದ ಅಷ್ಟೇ ದೂರ ಓಡಿದ. ಇನ್ನೊಮ್ಮೆ ಓಡಿದೆ, ಇನ್ನೊಮ್ಮೆ ಓಡಿದ.

ಆಗ ಓದಿದ್ದು ನೆನಪಾಗಿದ್ದೋ, ಉಸಿರು ಹೋಗಿದ್ದೋ ಹೇಳಲಾರೆ. ಅವನಿಗೆ ಬೆನ್ನು ಹಾಕಿ ಹಿಮದಲ್ಲಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಹಿಮ ಕರಕರ ಅನ್ನೋ ಸದ್ದು. ನನ್ನ ಸುತ್ತ ಒಂದು ಸುತ್ತು, ಎರಡನೇ ಸುತ್ತು. ಮಂದೆಯಿಂದ ತಪ್ಪಿಸಿಕೊಂಡ ಕುರಿಯನ್ನು ಸುತ್ತೋ ಹಾಗೆ! ಆಮೇಲೆ ಮೂತಿಯಿಂದ ಬೆನ್ನಿಗೆ ತಿವಿದ. ಏಳು, ಮನೆಗೆ ಹೋಗೋಣ.

ಕಾರಿನಲ್ಲಿ ನನ್ನಾಕೆ ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಕ್ಯಾಲೆಂಡರಿನ ಗುರುತಿನ ಮೇಲೆ ಒಂದು ಗೀಟು ಎಳೆದಿತ್ತು.

*

ಆಮೇಲೆ ಮಾಡಿದ್ದನ್ನು ಚುಟುಕಾಗಿ ಹೇಳುತ್ತೇನೆ, ಇಂಥ ನಾಯಿ ಇರುವವರಿಗೆ ಉಪಯೋಗವಾಗಲಿ.

ಬೇಲಿಯನ್ನು ಆರಡಿ ಮಾಡಿಸಿದೆವು, ಬುಡದಲ್ಲಿ ತಂತಿ ಜಾಲರಿ ಹೂಳಿದೆವು (ಹಾರಲಾಗದ ಹಸ್ಕಿ ಅಗೆಯುತ್ತೆ). ಚರಿತ್ರೆ ಓದಿಯೂ ಬೇಲಿ ಎತ್ತರ ಆಯಿತು ಅಂತ ಆಕೆಗೆ ಹೇಳಿದೆ. ಕುತ್ತಿಗೆ ಪಟ್ಟಿಗೆ ಜಿಪಿಎಸ್ ಬಂತು. ಬಯಲಿನಲ್ಲಿ ಹಗ್ಗ ಬಿಚ್ಚೋದು ಇಲ್ಲವೇ ಇಲ್ಲ. ಎಷ್ಟು ಕಲಿತಿದ್ದರೂ ಅಳಿಲಿನ ಮುಂದೆ ಕಲಿಕೆ ನಿಲ್ಲಲ್ಲ.

ಎರಡೂ ರಕ್ತಕ್ಕೆ ಕೆಲಸ ಕೊಟ್ಟೆವು. ಬೆಳಿಗ್ಗೆ ಎದ್ದ ಕೂಡಲೇ ಬೀದಿಯ ಗಡಿ ಸುತ್ತಿ ಬರೋದು, ಅದು ಶೆಫರ್ಡಿಗೆ. ಸಂಜೆ ಎದೆಪಟ್ಟಿ ಕಟ್ಟಿ, ಚಳಿಗಾಲದಲ್ಲಿ ಮಗಳ ಚಿಕ್ಕ ಸ್ಲೆಡ್, ಉಳಿದ ಕಾಲದಲ್ಲಿ ನನ್ನನ್ನು ಎಳೆಯೋದು, ಅದು ಹಸ್ಕಿಗೆ. ನನ್ನ ಹೊಟ್ಟೆಯೂ ಎರಡಿಂಚು ಇಳಿದಿದೆ. ಹೇಳಿದ್ದನ್ನೇ ಹತ್ತು ಸಲ ಮಾಡಿಸಿದರೆ ನಾಲ್ಕನೇ ಸಲಕ್ಕೆ ಎದ್ದು ಹೋಗುತ್ತಾನೆ. ಹಾಗಾಗಿ ಪಾಠ ಐದು ನಿಮಿಷ, ದಿನಕ್ಕೆ ಮೂರು ಸಲ. ಒಂಟಿಯಾಗಿ ಬಿಟ್ಟರೆ ಸೋಫಾದ ಹೊಟ್ಟೆ ಬಗೆಯುತ್ತಾನೆ, ಹೊರಗೆ ಸೈರನ್ ಕೇಳಿದರೆ ಊಳಿಡುತ್ತಾನೆ. ಇದಕ್ಕೆ ಔಷಧಿ ಇಲ್ಲ.

ಕೂದಲು ಎರಡು ಪದರ. ವರ್ಷಕ್ಕೆರಡು ಸಲ ಒಳಪದರ ಕಂತೆ ಕಂತೆಯಾಗಿ ಉದುರುತ್ತೆ, ಆಗ ದಿನಾ ಬಾಚಬೇಕು. ಸೆಖೆ ಅಂತ ಬೋಳಿಸಬಾರದು. ಆ ಕೂದಲೇ ಬಿಸಿಲಿಗೂ ಮರೆ, ಬೋಳಿಸಿದರೆ ಮೊದಲಿನ ಹಾಗೆ ಬೆಳೆಯದೇ ಹೋಗಬಹುದು.

ಆರೋಗ್ಯದ ಬಗ್ಗೆ. 'ಕ್ರಾಸ್ ಆದರೆ ಗಟ್ಟಿ' ಅನ್ನೋ ಮಾತು ಅರ್ಧ ನಿಜ. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 24 ಆನುವಂಶಿಕ ತೊಂದರೆಗಳನ್ನು ಹೋಲಿಸಿದಾಗ 10 ಶುದ್ಧ ತಳಿಗಳಲ್ಲಿ ಹೆಚ್ಚಿದ್ದವು, 13ರಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಂದು ಮಿಶ್ರತಳಿಗಳಲ್ಲೇ ಹೆಚ್ಚಿತ್ತು. ಶೆಫರ್ಡಿನ ಕುಖ್ಯಾತ ಸೊಂಟದ ಕೀಲಿನ ತೊಂದರೆ ಆ ವ್ಯತ್ಯಾಸವಿಲ್ಲದ ಪಟ್ಟಿಯಲ್ಲಿದೆ. ಆದ್ದರಿಂದ ಮರಿಯನ್ನು ದಪ್ಪ ಮಾಡಬೇಡಿ, ಒಂದು ವರ್ಷಕ್ಕೆ ಮೊದಲು ಆಪರೇಷನ್ ಮಾಡಿಸಿದ ಶೆಫರ್ಡುಗಳಲ್ಲಿ ಕೀಲುನೋವು ಹೆಚ್ಚು ಕಂಡಿದೆ, ವೈದ್ಯರ ಹತ್ತಿರ ಮಾತಾಡಿ. ಶೆಫರ್ಡಿನ ಕಡೆಯಿಂದ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳೋದು, ಮುಪ್ಪಿನಲ್ಲಿ ಹಿಂಗಾಲು ಸೋಲೋದು. ಹಸ್ಕಿ ಕಡೆಯಿಂದ ಕಣ್ಣಿನ ಪೊರೆ (ಅಮ್ಮ ಪೂರ್ತಿ ತಪ್ಪೇನಲ್ಲ!), ಸತುವಿನ ಕೊರತೆಯ ಚರ್ಮರೋಗ. ಇನ್ನೊಂದು, ಕೆಲವು ಶೆಫರ್ಡುಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷ ಇರುತ್ತೆ. ಅಂಥವಕ್ಕೆ ಕಜ್ಜಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ಪ್ರಾಣಕ್ಕೇ ಕುತ್ತು. ನಮ್ಮ ಕಡೆ ಅದನ್ನು ಧಾರಾಳವಾಗಿ ಚುಚ್ಚುತ್ತಾರೆ, ಆದ್ದರಿಂದ ಕೇಳಿ ಕೊಡಿಸಿ.

ನೀಲಿ ಕಣ್ಣು ರೋಗವಲ್ಲ. 2018ರಲ್ಲಿ ಗೊತ್ತಾದ ಪ್ರಕಾರ ಹಸ್ಕಿಯ ಹದಿನೆಂಟನೇ ಕ್ರೋಮೋಸೋಮಿನಲ್ಲಿ ಒಂದು ತುಣುಕು ಎರಡು ಸಲ ಬರೆದುಕೊಂಡಿದೆ. ಅಪ್ಪ-ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು, ಒಂದು ಕಣ್ಣೋ ಎರಡೋ ನೀಲಿ ಆಗಬಹುದು.

ಬೆಂಗಳೂರಿನ ಗೆಳೆಯರು "ಇಂಥದ್ದು ನಮಗೂ ಸಿಗುತ್ತಾ" ಅಂತ ಕೇಳುತ್ತಾರೆ. ಸಿಗುತ್ತೆ. ಆದರೆ ದಯವಿಟ್ಟು ಬೇಡ. ಫ್ಲಾಟಿನ ಬಾಲ್ಕನಿ, ಏಪ್ರಿಲ್ ಬಿಸಿಲು, ಉಣ್ಣಿ ಜ್ವರ (ಶೆಫರ್ಡುಗಳಿಗೆ ಇದು ಜೋರಾಗಿ ಬರುತ್ತೆ) - ಇವೆಲ್ಲದರ ನಡುವೆ ಅದಕ್ಕೆ ಯಾವ ಸುಖ? ಈಗಾಗಲೇ ಇದ್ದರೆ ಸೂರ್ಯ ಏಳುವ ಮುಂಚೆ ಓಡಿಸಿ, ಹಗಲು ತಂಪಿನಲ್ಲಿಡಿ, ಏದುಸಿರು ನಿಲ್ಲದಿದ್ದರೆ ಕಾಯಬೇಡಿ, ಮೈಗೆ ನೀರು ಹಾಕುತ್ತಾ ಡಾಕ್ಟರ ಹತ್ತಿರ ಓಡಿ.

*

ಕೊನೆಗೆ ಒಂದು ಮಾತು. ಇಷ್ಟೆಲ್ಲ ತಳಿ ಚರಿತ್ರೆ ಬರೆದ ಮೇಲೆ ನನ್ನ ಮೇಲೆ ನಾನೇ ನೀರು ಚೆಲ್ಲಿಕೊಳ್ಳಬೇಕು.

ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ವಿವರ ಕೂಡಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ನಾಯಿಯಿಂದ ಇನ್ನೊಂದಕ್ಕೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ನೂರಕ್ಕೆ ಒಂಬತ್ತು ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಉಳಿದ ಗುಣಗಳಿಗಿಂತ ಹೆಚ್ಚು, ಆದರೂ ಅದೇ ಎಲ್ಲ ಅಲ್ಲ. ಚರಿತ್ರೆ ನನಗೆ ಭೈರನ ಜಾತಕ ಹೇಳಲಿಲ್ಲ. ಇವನು ತಪ್ಪು ಮಾಡುತ್ತಿಲ್ಲ, ಏನೋ ಕೆಲಸ ಮಾಡುತ್ತಿದ್ದಾನೆ, ಅದೇನು ಅಂತ ನೋಡು ಅಂತ ಹೇಳಿತು ಅಷ್ಟೆ. ಹಿಂದಿನ ಎರಡು ಮನೆಯವರು ಕೆಟ್ಟವರಿರಲಾರರು. ಅವರಿಗೆ ಯಾರೂ ಈ ಕಥೆ ಹೇಳಿರಲಿಲ್ಲ.

ಇನ್ನು ಆ ಬಾಲ್ಟೊ. ಅವನ ಬೀಜ ಮೊದಲೇ ಒಡೆಸಿದ್ದರಿಂದ ಮಕ್ಕಳಿಲ್ಲ. ಅವನ ದೇಹ ಕ್ಲೀವ್‌ಲ್ಯಾಂಡಿನ ಮ್ಯೂಸಿಯಮ್ಮಿನಲ್ಲಿದೆ. 2023ರಲ್ಲಿ ಅದರ ಚರ್ಮದ ಚೂರಿನಿಂದ ಡಿಎನ್‌ಎ ಓದಿದರು. ಜಗತ್ತು ಹಸ್ಕಿ ಅಂತ ಪ್ರತಿಮೆ ನಿಲ್ಲಿಸಿದ ಆ ನಾಯಿಯ ವಂಶದಲ್ಲಿ ಇಂದಿನ ಸೈಬೀರಿಯನ್ ಹಸ್ಕಿಗೆ ಹೊಂದುವುದು ಒಂದು ಭಾಗ ಮಾತ್ರ, ಉಳಿದದ್ದು ಬೇರೆ ಬೇರೆ ಕಡೆಯದು. ಅಮೆರಿಕದ ಕೆನಲ್ ಕ್ಲಬ್ ಸೈಬೀರಿಯನ್ ಹಸ್ಕಿ ಅನ್ನೋ ತಳಿಯನ್ನು ಒಪ್ಪಿಕೊಂಡದ್ದೇ 1930ರಲ್ಲಿ, ಆ ಓಟದ ಐದು ವರ್ಷದ ನಂತರ. ಇಂದಿನ ತಳಿನಾಯಿಗಳಿಗಿಂತ ಬಾಲ್ಟೊನಲ್ಲಿ ಒಳಸಂಬಂಧದ ಗುರುತೂ ಕಡಿಮೆ. ಒಟ್ಟಿನಲ್ಲಿ ಅವನೂ ಬೆರಕೆಯೇ.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಊಟ ಮಾಡ್ತಾನಾ?" ಅಂದರು. ಮಾಡ್ತಾನೆ ಅಮ್ಮಾ, ಮೊಸರನ್ನ ಅಂದರೆ ಪ್ರಾಣ. ಹಾಲಿನದೇನೂ ಹಸ್ಕಿಗೆ ಆಗಿಬರಲ್ಲ ಅಂತ ಯಾರೋ ಹೇಳಿದ್ದರು. ಇವನಿಗೆ ಆಗಿಬಂದಿದೆ.

ಈಗ ಅವನು ನನ್ನ ಕುರ್ಚಿಯ ಹಿಂದೆ ಬಾಗಿಲಿಗೆ ಅಡ್ಡ ಮಲಗಿದ್ದಾನೆ. ನಾನು ಎದ್ದು ಹೋಗದ ಹಾಗೆ. ಈ ಹೊತ್ತಿಗೆ ಅವನು ಶೆಫರ್ಡು, ನಾನು ಕುರಿ.